ಕಟ್ಟದ ಗಂಡಿಯಲ್ಲಿ ಕಳೆಂಜ

ಅಂಗಾರ ಸೊಂಟದ ತನಕ ನೀರಿನಲ್ಲಿ ನಿಂತಿದ್ದ. ಮುಖಕ್ಕೆ ಬಿಳಿ ಬಣ್ಣ. ಹಣೆಗೆ ಕೆಂಪು. ಸೊಂಟಕ್ಕೆ ತೆಂಗಿನ ಎಳೆಗರಿ ಸೀಳಿ ಮಾಡಿದ ಲಂಗ. ಕಾಲಿಗೆ ಗೆಜ್ಜೆ. ಗೆಜ್ಜೆಯ ಕಾಲಿನ ಅಡಿಯಲ್ಲಿ ಒಂದು ಬಿದಿರು. ಆ ಬಿದಿರಿನ ಮೇಲಿಂದ ಅವನು ಕಾಲು ತೆಗೆಯುವ ಹಾಗಿರಲಿಲ್ಲ. ತೆಗೆದರೆ ಗುರುವಪ್ಪನ ಮೀನು ಓಡಿಹೋಗುತ್ತಿತ್ತು.

ವೇಷದ ಕಥೆ ಆಮೇಲೆ. ಮೊದಲು ಮೀನಿನ ಕಥೆ.

ಗುರುವಪ್ಪ ಮುಂಬಯಿ ಕಡೆಯ ಐರೋಲಿಯಲ್ಲಿ ಹೋಟೆಲಿನ ಧಣಿ. ಐಟಿಯವರಿಗೆ ಥಾಲಿ ಬಡಿಸಿ ಬಡಿಸಿ ದೊಡ್ಡವನಾದವನು. ಖಾರಘರದ ಆಚೆ, ಗುಡ್ಡದ ಬುಡದಲ್ಲಿ, ಒಂದು ಫಾರ್ಮ್ ಮಾಡಿದ್ದ. ಗುಡ್ಡದಿಂದ ಇಳಿಯುವ ತೋಡಿಗೆ ಮಣ್ಣಿನ ಕಟ್ಟ ಹಾಕಿಸಿದ್ದ. ಕಟ್ಟದ ಹಿಂದೆ ಸಣ್ಣ ಕೊಳ. ಕೊಳದಲ್ಲಿ ರೋಹು, ಕಟ್ಲಾ. ‘ಹಾಕಿಸಿದ್ದ’ ಅಂದರೆ ಅಗೆದವನು ಅಂಗಾರ, ಮಣ್ಣು ಹೊತ್ತವನು ಅಂಗಾರ, ಮೀನಿಗೆ ಹಿಂಡಿ ಹಾಕಿದವನು ಅಂಗಾರ. ಮರಿಗಳು ಬೆರಳುದ್ದ ಇದ್ದಾಗಿನಿಂದ ಕಾದವನೂ ಅವನೇ. ಫಾರ್ಮಿನ ಬಾಗಿಲಲ್ಲಿ ಹೆಸರು ಮಾತ್ರ ಗುರುವಪ್ಪನದು.

ಇಬ್ಬರೂ ಒಂದೇ ಊರಿನವರು, ಪುತ್ತೂರಿನ ಕಡೆ. ಅಂಗಾರನ ಅಪ್ಪ ಗುರುವಪ್ಪನ ಅಪ್ಪನ ಗದ್ದೆಯಲ್ಲಿ ದುಡಿದವನು. ಮುಂಬಯಿಯಲ್ಲಿ ಜಾತಿ ಇಲ್ಲ ಎಂದು ಗುರುವಪ್ಪ ತುಳುವರ ಸಂಘದ ಸಭೆಗಳಲ್ಲಿ ಭಾಷಣ ಮಾಡುತ್ತಿದ್ದ. ಇರಲಿಲ್ಲ ನಿಜ, ಊರಿನವರು ಬರುವ ತನಕ.

ಆ ವರ್ಷದ ಬೇಸಿಗೆಯಲ್ಲಿ ಕೊಳ ಬತ್ತುತ್ತಾ ಬಂತು. ಊರಿನಲ್ಲಿ ಅಂಗಾರನ ಮಗಳು ಅನುಷ್ಕಾ ಹೆತ್ತಿದ್ದಳು. ಮೊಮ್ಮಗುವಿನ ಮುಖ ನೋಡಿಬರುತ್ತೇನೆ ಎಂದು ಅವನು ಕೇಳಿದ. ಗುರುವಪ್ಪ ಬಿಡಲಿಲ್ಲ. ನೀನು ಹೋದರೆ ಮೀನು ಸಾಯುತ್ತದೆ, ಟ್ಯಾಂಕರ್ ನೀರು ಬಿಡಿಸುವವರು ಯಾರು ಎಂದ. ಅಂಗಾರನ ಮುಖ ಸಣ್ಣದಾದದ್ದು ಕಂಡು ಮೂಗಿಗೆ ತುಪ್ಪ ಸವರಿದ.

“ನೋಡು ಅಂಗಾರ, ಈ ಸಲ ಆಟಿಯ ಊಟಕ್ಕೆ ನೀನು, ನಿನ್ನ ಹೆಂಡತಿ ಪಂಕ್ತಿಯಲ್ಲೇ ಕೂತುಕೊಳ್ಳುವುದು. ನೀನು ಸಾಕಿದ ಮೀನು, ನಿನ್ನ ಎಲೆಗೆ. ನನ್ನ ಮಾತು ಆಯ್ತಾ?”

ಪ್ರತಿ ವರ್ಷ ಅಂಗಾರ, ವಿನೋದಾ ಉಣ್ಣುತ್ತಿದ್ದದ್ದು ಪಾತ್ರೆ ತೊಳೆಯುವ ಜಾಗದಲ್ಲಿ. ಎಲ್ಲರ ಎಲೆ ಎತ್ತಿದ ಮೇಲೆ. ಬಕೆಟಿನ ಅಡಿಯಲ್ಲಿ ಉಳಿದದ್ದು. ಮೀನು ಹೆಚ್ಚುವುದು ವಿನೋದಾ. ಹುರಿಯುವ ಕಾವಲಿಯ ಹತ್ತಿರ ಅವಳು ಸುಳಿಯುವಂತಿಲ್ಲ. ಅವಳ ಕತ್ತಿಗೆ ಜಾತಿ ಇಲ್ಲ, ಸೌಟಿಗೆ ಉಂಟು. ಇದು ಯಾವ ಲೆಕ್ಕವೋ ಅವಳಿಗೆ ಇವತ್ತಿನವರೆಗೂ ತಿಳಿದಿಲ್ಲ.

ಹಾಗಾಗಿ ಧಣಿಯ ಮಾತು ಕೇಳಿ ವಿನೋದಾ ಕಲ್ಯಾಣದ ಪೇಟೆಗೆ ಹೋಗಿ ಹಸಿರು ಸೀರೆ ತಂದಳು. ಎರಡು ತಿಂಗಳು ಮಡಚಿ ಇಟ್ಟಳು. “ಈ ಸಲ ಬಕೆಟ್ ತಂದರೆ ನಾನು ಉಣ್ಣುವುದಿಲ್ಲ. ನೀವು ಬೇಕಾದರೆ ಉಣ್ಣಿ,” ಎಂದು ಗಂಡನಿಗೆ ಮೊದಲೇ ಹೇಳಿದ್ದಳು.

ಆಟಿ ಅಂದರೆ ಆಷಾಢ. ತುಳುನಾಡಿನಲ್ಲಿ ಅದು ಹಸಿವಿನ ತಿಂಗಳು. ಗದ್ದೆ ಕೆಲಸ ಮುಗಿದಿರುತ್ತದೆ, ಕಣಜ ಖಾಲಿಯಾಗಿರುತ್ತದೆ, ಮಳೆ ಮಾತ್ರ ಭರ್ತಿ. ಆಗ ಜನ ಕಾಡಿನ ಸೊಪ್ಪು, ಬಿದಿರಿನ ಮೊಳಕೆಯ ಕಣಿಲೆ, ಹಲಸಿನ ಬೀಜ ತಿಂದು ಜೀವ ಹಿಡಿದರು. ಈಗ ಥಾಣೆ, ಡೊಂಬಿವಲಿಯಲ್ಲಿ ಫ್ಲಾಟು ಮಾಡಿದವರು ವರ್ಷಕ್ಕೊಂದು ಭಾನುವಾರ ಈ ಫಾರ್ಮಿನಲ್ಲಿ ಸೇರಿ ಆ ಹಸಿವನ್ನು ನೆನೆಯುತ್ತಾರೆ. ಹಸಿವಿಗೆ ಮೂವತ್ತೆರಡು ಐಟಂ. ಮೇಲೆ ಪಾಯಸ.

ಆ ಆಗಸ್ಟಿನ ಭಾನುವಾರ ಬೆಳಿಗ್ಗೆಯೇ ಮಳೆ ಹುಚ್ಚು ಹಿಡಿದ ಹಾಗೆ ಸುರಿಯಿತು. ಗುಡ್ಡದ ತೋಡು ಕೆಂಪಾಗಿ ಉಕ್ಕಿತು. ಕಟ್ಟದಲ್ಲಿ ಹೆಚ್ಚಾದ ನೀರು ಹೊರಗೆ ಹೋಗಲು ಒಂದು ಗಂಡಿ ಇತ್ತು. ಗಂಡಿಗೆ ಬಿದಿರಿನ ತಡಿಕೆ. ನೀರು ಹೋಗಲಿ, ಮೀನು ಉಳಿಯಲಿ ಎಂದು. ಹತ್ತು ಗಂಟೆಗೆ ತಡಿಕೆಯ ಅಡಿಯ ಮಣ್ಣು ಕೊಚ್ಚಿಹೋಯಿತು. ತಡಿಕೆ ಮೇಲೇಳತೊಡಗಿತು. ಅಂಗಾರ ನೀರಿಗಿಳಿದು ಅಡಿಯ ಬಿದಿರನ್ನು ಎರಡೂ ಕಾಲಿನಿಂದ ತುಳಿದು ನಿಂತ. ಕಲ್ಲು ಇಟ್ಟರೆ ಉರುಳುತ್ತಿತ್ತು. ಮಣ್ಣಿನ ಚೀಲ ಇಟ್ಟರೆ ಕರಗುತ್ತಿತ್ತು. ಉರುಳದ್ದು, ಕರಗದ್ದು ಅಂದರೆ ಅಂಗಾರ.

ಕೈಗೆ ಬೇರೆ ಕೆಲಸ. ಗುಡ್ಡದಿಂದ ಬಂದ ಎಲೆ, ಪ್ಲಾಸ್ಟಿಕ್, ಯಾರದೋ ಚಪ್ಪಲಿ ಎಲ್ಲ ತಡಿಕೆಗೆ ಬಂದು ಕೂರುತ್ತಿದ್ದವು. ಎತ್ತಿ ಎತ್ತಿ ಎಸೆಯಬೇಕು. ಎಸೆಯದಿದ್ದರೆ ನೀರು ಕಟ್ಟಿ ಕಟ್ಟವೇ ಒಡೆಯುತ್ತದೆ. ಹಾರುವ ಮೀನಿಗೆ ತಡೆಯಾಗಲಿ ಎಂದು ತಡಿಕೆಯ ಮೇಲೆ ಕಳೆದ ವರ್ಷದ ಫ್ಲೆಕ್ಸ್ ಕಟ್ಟಿದ್ದರು. ಅದರಲ್ಲಿ ಗುರುವಪ್ಪ ಕೈಮುಗಿದು ನಗುತ್ತಿದ್ದ. ಕಟ್ಲಾಗಳು ಹಾರಿ ಹಾರಿ ಅವನ ಹಲ್ಲಿಗೇ ಹೊಡೆಯುತ್ತಿದ್ದವು. ಆ ದಿನ ಅಂಗಾರನಿಗೆ ಸಿಕ್ಕ ಮನರಂಜನೆ ಅದೊಂದೇ.

ಹನ್ನೊಂದಕ್ಕೆ ಗುರುವಪ್ಪ ಕೊಡೆ ಹಿಡಿದು ಕಟ್ಟದ ಮೇಲೆ ಬಂದ. ಜರಿಯಂಚಿನ ಮುಂಡು, ರೇಷ್ಮೆ ಶಾಲು. ಇಬ್ಬರ ಮಾತೂ ತುಳುವಿನಲ್ಲಿ. ಬೈಗಳು ಮಾತ್ರ ಹಿಂದಿಯಲ್ಲಿ.

“ಒಂದು ಮೀನೂ ಹೋಗಬಾರದು ಮಾರಾಯ. ಊಟ ಆದ ಮೇಲೆ ಮಕ್ಕಳು ಬಲೆ ಹಾಕುವ ಪ್ರೋಗ್ರಾಂ ಉಂಟು. ಚೀಫ್ ಗೆಸ್ಟ್ ಬಂದಾಯ್ತು.”

“ಧಣಿ, ಊಟಕ್ಕೆ ನಾನು?”

“ನೋಡುವಾ.”

ಗುರುವಪ್ಪನ ‘ನೋಡುವಾ’ ಅಂಗಾರನಿಗೆ ಹೊಸದಲ್ಲ. ರಜೆ ಕೇಳಿದಾಗ ನೋಡುವಾ. ಶೆಡ್ಡಿನ ತಗಡು ಸೋರುತ್ತದೆ ಎಂದಾಗ ನೋಡುವಾ. ಹಾವು ಕಚ್ಚಿದ ವರ್ಷ ಆಸ್ಪತ್ರೆಗೆ ಜೀಪು ಕೇಳಿದಾಗಲೂ ಮೊದಲು ಬಂದದ್ದು ಅದೇ. ಅಡ್ಡಗೋಡೆಯ ಮೇಲೆ ಇಟ್ಟ ದೀಪ. ಆದರೆ ಈ ಸಲ ಅದರ ಹಿಂದೆ ಇನ್ನೊಂದು ಮಾತು ಬಂತು.

“ಅಲ್ಲ, ಒಂದು ತಾಪತ್ರಯ ಆಯ್ತು. ಕಳೆಂಜ ಕಟ್ಟುವ ಹುಡುಗ ಡೊಂಬಿವಲಿಯಿಂದ ಬರಬೇಕಿತ್ತು. ಪಟ್ರಿಗೆ ನೀರು ತುಂಬಿ ಟ್ರೇನ್ ನಿಂತಿದೆ. ನೀನೇ ಕಟ್ಟು.”

ಆಟಿ ಕಳೆಂಜ ಅಂದರೆ ಆ ತಿಂಗಳಲ್ಲಿ ಮನೆಮನೆಗೆ ಕುಣಿಯುತ್ತಾ ಬಂದು ಮನೆಯ ಮಾರಿ ಕಳೆಯುವವನು. ಗರಿಯ ಲಂಗ, ಓಲೆಯ ಕೊಡೆ, ಮುಖಕ್ಕೆ ಬಣ್ಣ. ಮನೆಯವರು ಗೆರಸೆಯಲ್ಲಿ, ಅಂದರೆ ಮೊರದಲ್ಲಿ, ಅಕ್ಕಿ, ಕಾಯಿ, ಉಪ್ಪು, ಮೆಣಸು, ಇದ್ದಿಲು ಕೊಡುತ್ತಾರೆ.

“ಧಣಿ, ನಾವು ಕಳೆಂಜ ಕಟ್ಟುವವರಲ್ಲ. ಅದು ನಲಿಕೆ ಜಾತಿಯವರದ್ದು. ನನಗೆ ಒಂದು ಹೆಜ್ಜೆಯೂ ಗೊತ್ತಿಲ್ಲ.”

“ಎಲ್ಲ ಒಂದೇ ಅಲ್ವಾ ಮಾರಾಯ!”

ಮೇಲಿನವರಿಗೆ ಕೆಳಗಿನವರು ಯಾವಾಗಲೂ ಒಂದೇ. ಮೇಲೆ ಮಾತ್ರ ಇನ್ನೂರು ಬಗೆ, ಬಳಿ-ಗೋತ್ರ ಬೇರೆ, ಮದುವೆ ಬೇರೆ, ಸಂಘ ಬೇರೆ. ಅಂಗಾರ ಬೇಡ ಎನ್ನುವುದರೊಳಗೆ ಗುರುವಪ್ಪನ ಮಗ ಯತಿನ್ ಬಣ್ಣದ ಡಬ್ಬಿ ಹಿಡಿದು ಬಂದ. ನೀರಿನಲ್ಲಿ ನಿಂತಲ್ಲೇ ಮುಖಕ್ಕೆ ಬಳಿದ. ತಡಿಕೆಯನ್ನು ಅಂಗಾರನ ಕೈಯಿಂದ ಒತ್ತಿಸಿ, ಕಾಲು ಒಂದೊಂದಾಗಿ ಎತ್ತಿಸಿ ಗೆಜ್ಜೆ ಕಟ್ಟಿದ. ಮೇಲಿಂದ ಲಂಗ ಇಳಿಸಿದ. “ಅಂಕಲ್, ಸಾಲಿಡ್ ಲಗ್ ರಹಾ ಹೈ,” ಎಂದು ಫೋಟೊ ಹೊಡೆದ. ಲಂಗ ನೀರಿನ ಮೇಲೆ ಛತ್ರಿಯಂತೆ ಅರಳಿತು. ಅದರೊಳಗೆ ಮೀನು ಹೊಕ್ಕು ಅಂಗಾರನ ತೊಡೆಗೆ ಕಚಗುಳಿ ಇಡತೊಡಗಿತು. ಅಳುವುದೋ ನಗುವುದೋ ತಿಳಿಯದೆ ಅವನು ಚಪ್ಪಲಿ ಎತ್ತಿ ಎಸೆದ.

ತಗಡಿನ ಚಪ್ಪರದಲ್ಲಿ ಸಭೆ ಸುರುವಾಯಿತು. ಮೈಕು ಗುಡ್ಡಕ್ಕೂ ಕೇಳುವಷ್ಟು ಇತ್ತು. ಮುಖ್ಯ ಅತಿಥಿ ಮಹಾದೇವಪ್ಪ, ಬೇಲಾಪುರದ ಸರಕಾರಿ ಆಫೀಸಿನವರು, ಬಿಜಾಪುರದ ಕಡೆಯವರು. ಮೀನಿನ ಊಟಕ್ಕೆ ಕರೆದದ್ದು ಮೀನು ಮುಟ್ಟದವರನ್ನು. ಸಂಘದವರ ಬುದ್ಧಿವಂತಿಕೆ ಹಾಗೆಯೇ.

“ಆಟಿ ಅಂದ್ರ ಏನಂತ ನನಗ ಗೊತ್ತಿರಲಿಲ್ರಿ,” ಎಂದು ಅವರು ಸುರು ಮಾಡಿದರು. “ಇವತ್ತ ಮುಂಜಾನೆ ಗುರುವಪ್ಪನವರು ಕಾರಿನ್ಯಾಗ ಹೇಳಿದ್ರು. ಹಸಿವು ಅನ್ನೂದು ಭಾಳ ದೊಡ್ಡ ಸಂಸ್ಕೃತಿ ಅದ. ಈಗ ನನಗೂ ಅದರ ಅನುಭವ ಆಗಲಿಕ್ಕತ್ತೈತಿ.”

ಜನ ಚಪ್ಪಾಳೆ ತಟ್ಟಿದರು. ಆಮೇಲೆ ಗುರುವಪ್ಪ ಮೈಕು ಹಿಡಿದು ನಮ್ಮ ಹಿರಿಯರು ಆಟಿಯಲ್ಲಿ ಸೊಪ್ಪು ತಿಂದರು ಎಂದು ರೇಷ್ಮೆ ಶಾಲಿನಿಂದ ಕಣ್ಣು ಒರೆಸಿಕೊಂಡ.

ಅಂಗಾರನಿಗೆ ಗುರುವಪ್ಪನ ಹಿರಿಯರು ಚೆನ್ನಾಗಿ ನೆನಪಿದ್ದರು. ಅವರು ಸೊಪ್ಪು ತಿಂದದ್ದು ಅವನು ಕಂಡಿಲ್ಲ. ಅವನ ಅಮ್ಮ ಆಟಿಯಲ್ಲಿ ಅವರ ಅಂಗಳದ ತುದಿಯಲ್ಲಿ ಅಡಿಕೆ ಹಾಳೆ ಚಾಚಿ ನಿಲ್ಲುತ್ತಿದ್ದಳು. ಜಗಲಿಯಿಂದ ಗಂಜಿ ಸುರಿಯುತ್ತಿದ್ದರು, ಎತ್ತರದಿಂದ. ಮುಟ್ಟಬಾರದಲ್ಲ. ಬಿಸಿ ಗಂಜಿ ಕೈಗೆ ಸಿಡಿಯುತ್ತಿತ್ತು. ಕೈ ಬಿಟ್ಟರೆ ಗಂಜಿ ನೆಲದ ಪಾಲು. ಅಮ್ಮ ಕೈ ಬಿಡುತ್ತಿರಲಿಲ್ಲ. ಮನೆಗೆ ಬಂದು ಮಕ್ಕಳಿಗೆ ಬಡಿಸಿದ ಮೇಲೆ ಕೈಗೆ ಊದಿಕೊಳ್ಳುತ್ತಿದ್ದಳು. ಈ ಮೂವತ್ತೆರಡು ಐಟಂನಲ್ಲಿ ಆ ಸುಟ್ಟ ಬೊಬ್ಬೆ ಎಷ್ಟನೆಯದು?

ಎಲೆ ಹಾಕುವ ಹೊತ್ತಿಗೆ ವಿನೋದಾ ಕಟ್ಟದ ಮೇಲೆ ಬಂದಳು. ಹಸಿರು ಸೀರೆ ಉಟ್ಟಿದ್ದಳು. ಅಂಚಿನಲ್ಲಿ ಮೀನಿನ ಪೊರೆ ಅಂಟಿತ್ತು. ಗಂಡನ ವೇಷ ಕಂಡು ನಗಲಿಲ್ಲ.

“ಕೇಳಿ. ನನ್ನನ್ನು ಲೋಟ ತೊಳೆಯಲಿಕ್ಕೆ ಕಳುಹಿಸಿದರು. ಮುಕ್ತಕ್ಕ ಒಳಗೆ ಹೇಳುತ್ತಾ ಇದ್ದರು.” ಮುಕ್ತಾ ಗುರುವಪ್ಪನ ಹೆಂಡತಿ. “ಊರಿನಿಂದ ಧಣಿಯ ಅಕ್ಕ, ಲೋಲಾಕ್ಷಿ ಅತ್ತಿಗೆ ಬಂದಿದ್ದಾರಂತೆ. ಅವರ ಎದುರು ನಾವು ಪಂಕ್ತಿಯಲ್ಲಿ ಕೂತರೆ ಆಗುವುದಿಲ್ಲವಂತೆ. ಅದಕ್ಕೆ ನಿಮಗೆ ಕಳೆಂಜ ಕಟ್ಟಿಸಿದ್ದು. ಕಳೆಂಜ ಒಳಗೆ ಬರುವ ಕ್ರಮ ಇಲ್ಲ, ತಾನಾಗಿ ಅಂಗಳದಲ್ಲಿ ನಿಲ್ಲುತ್ತಾನೆ, ಗೆರಸೆಯಲ್ಲಿ ಕೊಟ್ಟರೆ ಆಯ್ತು, ಯಾರೂ ಬೇಡ ಅಂದ ಹಾಗೂ ಆಗುವುದಿಲ್ಲ ಅಂತ.”

“ಡೊಂಬಿವಲಿ ಹುಡುಗ?”

“ಅವನು ಒಂಬತ್ತು ಗಂಟೆಗೇ ಬಂದಿದ್ದ. ವಾಪಸು ಕಳುಹಿಸಿದರು.”

ಹಾವೂ ಸಾಯಬಾರದು, ಕೋಲೂ ಮುರಿಯಬಾರದು. ಗುರುವಪ್ಪ ಹೋಟೆಲು ಸುಮ್ಮನೆ ಕಟ್ಟಿಲ್ಲ.

ಅಂಗಾರನಿಗೆ ಸಿಟ್ಟು ಬಂತು. ತಣ್ಣೀರಿನಲ್ಲಿ ನಿಂತವನಿಗೆ ಕಿವಿ ಬಿಸಿಯಾಯಿತು. ಇಲ್ಲ ಎಂದಿದ್ದರೆ ಅವನು ಇಷ್ಟು ವರ್ಷದಂತೆ ಬಕೆಟಿನ ಅನ್ನವನ್ನೇ ಉಣ್ಣುತ್ತಿದ್ದ. ಕೊಟ್ಟ ಮಾತನ್ನು ಹೀಗೆ ಬಣ್ಣ ಬಳಿದು ಕಿತ್ತುಕೊಂಡರಲ್ಲ. ಮೊಮ್ಮಗುವಿನ ಮುಖ ಬಿಟ್ಟು ಈ ಮೀನಿನ ಮುಖ ನೋಡಿದ್ದಕ್ಕೆ ಇದು ಸಿಕ್ಕಿತು.

“ಚೀಲ ಕಟ್ಟು,” ಎಂದ.

“ಕಟ್ಟಿಯಾಗಿದೆ,” ಎಂದಳು ವಿನೋದಾ.

ಅವನು ಬಲಗಾಲು ತೆಗೆದ. ತಡಿಕೆ ಒಂದು ಗೇಣು ಎದ್ದಿತು. ಒಂದು ರೋಹು ಹೋಯಿತು. ಎಡಗಾಲನ್ನೂ ತೆಗೆದ. ಮೇಲೆ ಹತ್ತಿದ. ನೀರಿನೊಳಗೆ ಇಷ್ಟು ಹೊತ್ತು ಮೂಕವಾಗಿದ್ದ ಗೆಜ್ಜೆ ಈಗ ಬಾಯಿಬಿಟ್ಟಿತು. ಘಲ್ ಘಲ್ ಎಂದು ಅಂಗಳ ದಾಟಿ, ಮೆಟ್ಟಿಲು ದಾಟಿ, ಚಪ್ಪರದೊಳಗೆ ನಡೆದ. ಪಂಕ್ತಿಯಲ್ಲಿ ಮಹಾದೇವಪ್ಪನ ಪಕ್ಕ ಗುರುವಪ್ಪನಿಗೆಂದು ಬಿಟ್ಟ ಎಲೆ ಖಾಲಿ ಇತ್ತು. ಅಲ್ಲಿ ಕೂತ.

ಎಲ್ಲರಿಂದ ಜೋರು ಚಪ್ಪಾಳೆ. ಪ್ರೋಗ್ರಾಂ ಎಂದುಕೊಂಡರು! ಮೊಬೈಲುಗಳು ಮೇಲೆದ್ದವು. “ಈ ಸಲ ಕಳೆಂಜ ಒಳಗೇ ಬಂತು ಮಾರ್ರೆ, ಹೊಸ ಐಡಿಯ,” ಎಂದು ಯಾರೋ ಮೆಚ್ಚಿದರು. ಅಷ್ಟರಲ್ಲಿ ಲಂಗದೊಳಗಿಂದ ಒಂದು ರೋಹು ಜಾರಿ ಮಹಾದೇವಪ್ಪನ ಎಲೆಯ ಹತ್ತಿರ ಬಿದ್ದು ಪಟಪಟ ಹೊಡೆದುಕೊಂಡಿತು. ಅವರು “ಶಿವ ಶಿವಾ” ಎನ್ನುತ್ತಾ ಎಲೆ ಎತ್ತಿಕೊಂಡು ಒಂದು ಮೊಳ ಆಚೆ ಸರಿದರು. ಸರಿದದ್ದು ಮೀನಿಗೋ ತನಗೋ ಎಂದು ಅಂಗಾರ ವಿಚಾರಿಸಲು ಹೋಗಲಿಲ್ಲ.

ಗುರುವಪ್ಪ ಬಗ್ಗಿ ಕಿವಿಯಲ್ಲಿ ಬುಸುಗುಟ್ಟಿದ. “ಹೊರಗೆ ಹೋಗು. ಕಳೆಂಜ ಒಳಗೆ ಬರಬಾರದು.”

“ಕಳೆಂಜ ಬರಲಿಲ್ಲ ಧಣಿ. ಬಂದದ್ದು ಅಂಗಾರ. ನೀವು ಕರೆದದ್ದಲ್ವಾ?”

ಅದನ್ನು ಅವನು ಮೆಲ್ಲಗೆ ಹೇಳಲಿಲ್ಲ. ಎರಡು ಪಂಕ್ತಿಗೂ ಕೇಳಿಸಿತು. ಎದುರು ಕೂತ ಲೋಲಾಕ್ಷಿ ಕನ್ನಡಕ ಸರಿಮಾಡಿಕೊಂಡು, “ಇದು ನಮ್ಮ ಅಂಗಾರನಾ?” ಎಂದಳು. ಗುರುವಪ್ಪನ ಮುಖ ಬಾಡಿದ ಬಾಳೆಲೆಯಾಯಿತು. ಅವನು ಬಾಯಿ ತೆರೆಯುವುದರೊಳಗೆ ಹೊರಗಿನಿಂದ ಯತಿನ್ ಕೂಗಿದ.

“ಪಪ್ಪಾ! ಮಛಲಿ ಭಾಗ್ ರಹೀ ಹೈ!”

ಗುರುವಪ್ಪ ಓಡಿದ. ಅವನ ಹಿಂದೆ ಸಂಘ ಓಡಿತು. ಚಪ್ಪರದಲ್ಲಿ ಉಳಿದವರು ಅಂಗಾರ, ಮೀನು ಇದ್ದರೇನು ಹೋದರೇನು ಎಂದಿದ್ದ ಮಹಾದೇವಪ್ಪ, ಮಂಡಿನೋವಿನ ಲೋಲಾಕ್ಷಿ. ಬಡಿಸುವವರೂ ಓಡಿದ್ದರು. ವಿನೋದಾ ಒಳಗೆ ಬಂದು ಅನ್ನದ ಬಕೆಟಿಗೆ ಕೈ ಹಾಕಿದಳು.

ಮುಕ್ತಾ ಅಡುಗೆ ಬಾಗಿಲಲ್ಲಿ ಚೀರಿದಳು. “ಏ ವಿನೋದಾ, ಸೌಟು ಮುಟ್ಟಬೇಡ!”

“ಮುಟ್ಟಿಯಾಯ್ತು ಅಕ್ಕ. ಇನ್ನು ಬಡಿಸುವುದೊಂದೇ ಬಾಕಿ.”

ಬಡಿಸಿದಳು. ಗಂಡನಿಗೆ ಅನ್ನ, ಮೇಲೆ ತುಪ್ಪ, ಹುರಿದ ಮೀನು ಎರಡು, ಕಣಿಲೆ ಗಸಿ. ಮಹಾದೇವಪ್ಪ ಎಲೆಯನ್ನು ಮತ್ತೆ ಈಚೆ ಸರಿಸಿದರು. “ನನಗಷ್ಟು ಅನ್ನ ಸಾರು ಹಾಕ್ರೆವಾ. ಸಂಸ್ಕೃತಿ ಇನ್ನ ತಡಿಯಂಗಿಲ್ಲ.” ಲೋಲಾಕ್ಷಿಯ ಎಲೆಯ ಮುಂದೆ ವಿನೋದಾ ಸೌಟು ಹಿಡಿದು ನಿಂತಳು. ಲೋಲಾಕ್ಷಿ ಅನ್ನ ನೋಡಿದಳು, ಬಾಗಿಲು ನೋಡಿದಳು, ಮೀನು ನೋಡಿದಳು. ಹಸಿವಿಗೆ ಮಡಿ ಕಡಿಮೆ. “ಹಾಕು,” ಎಂದಳು, ತಲೆಯೆತ್ತದೆ. ಆಮೇಲೆ ವಿನೋದಾ ಗಂಡನ ಪಕ್ಕ ಎಲೆ ಹಾಕಿಕೊಂಡು, ಸೆರಗು ಸರಿಮಾಡಿಕೊಂಡು ಕೂತಳು.

ಕಟ್ಟದ ಮೇಲೆ ಸಂಘದವರು ಕೊಡೆ ಹಿಡಿದು ಸಾಲಾಗಿ ನಿಂತು ಸಲಹೆ ಕೊಟ್ಟರು. ವಿಡಿಯೊ ತೆಗೆದರು. ಇಳಿಯಲು ಒಬ್ಬನೂ ತಯಾರಿಲ್ಲ. ಕೊನೆಗೆ ಗುರುವಪ್ಪನೇ ಜರಿಮುಂಡು ಎತ್ತಿಕಟ್ಟಿ ಧುಮುಕಿದ. ಬಿದಿರು ತುಳಿದು ನಿಂತ. ತಡಿಕೆ ಕೂತಿತು. ಮೀನು ನಿಂತಿತು. ಎಲ್ಲರೂ ಭಲೇ ಎಂದರು. ಈಗ ಗಂಡಿಯಲ್ಲಿ ಇಬ್ಬರು ಗುರುವಪ್ಪ, ಒಬ್ಬ ಫ್ಲೆಕ್ಸಿನಲ್ಲಿ, ಒಬ್ಬ ನೀರಿನಲ್ಲಿ. ನಗುತ್ತಿದ್ದವನು ಒಬ್ಬನೇ.

ಮೀನು ಉಳಿದ ಮೇಲೆ ಜನಕ್ಕೆ ಊಟದ ನೆನಪಾಯಿತು. ತಿರುಗಿ ಬಂದರು. ಪಂಕ್ತಿಯ ನಡುವೆ ಅಂಗಾರ, ವಿನೋದಾ ಉಣ್ಣುತ್ತಿದ್ದರು. ಮೂರು ಮನೆಯವರು ಕಾರು ಹತ್ತಿ ಹೋದರು. ಉಳಿದವರು ಹುರಿದ ಮೀನು ಆರುತ್ತದೆ ಎಂದು ಕೂತರು. ಜಾತಿ ದೊಡ್ಡದೋ ಮೀನು ದೊಡ್ಡದೋ ಎಂಬುದು ಅಲ್ಲಿಗೆ ತೀರ್ಮಾನವಾಯಿತು.

ಯತಿನ್ ಓಡಿಬಂದ. “ಅಂಕಲ್, ಪಪ್ಪಾ ಬುಲಾ ರಹೇ ಹೈ. ಜಲ್ದಿ. ಪಪ್ಪಾ ಕಾ ಪೈರ್ ಕಾಂಪ್ ರಹಾ ಹೈ.”

“ಎಲೆಯ ಮುಂದೆ ಕೂತವರನ್ನು ಎಬ್ಬಿಸಬಾರದು ಸೇಟ್. ಪಪ್ಪನನ್ನೇ ಕೇಳಿ. ಸಂಪ್ರದಾಯ.”

ಹುಡುಗ ಸೋದರತ್ತೆಯ ಮುಖ ನೋಡಿದ. ಲೋಲಾಕ್ಷಿ ಮೀನಿನ ಮುಳ್ಳು ಬಿಡಿಸುತ್ತಾ, “ಅದು ಹೌದು. ಊಟದಿಂದ ಎಬ್ಬಿಸಿದರೆ ಮನೆಗೆ ಒಳ್ಳೆಯದಲ್ಲ. ನಮ್ಮ ಮನೆತನದಲ್ಲಿ ಯಾರನ್ನೂ ಎಬ್ಬಿಸಿದ್ದಿಲ್ಲ,” ಎಂದಳು. ಕೂರಿಸಿದ್ದೂ ಇಲ್ಲ ಎಂಬುದು ಅವಳ ನೆನಪಿಗೆ ಬರಲಿಲ್ಲ.

ಅಂಗಾರ ಅವಸರ ಮಾಡಲಿಲ್ಲ. ಮುಳ್ಳು ಬಿಡಿಸಿ, ಚೀಪಿ, ಅನ್ನ ಕಲಸಿ ಉಂಡ. ತಜಂಕು ಸೊಪ್ಪಿನ ಅಂಬಡೆ ತಿಂದ. ಪಾಯಸ ಎರಡು ಸಲ ಹಾಕಿಸಿಕೊಂಡ. ನಾಳೆ ಈ ಕೆಲಸವಿಲ್ಲ, ಈ ಶೆಡ್ಡಿಲ್ಲ ಎಂದು ಅವನಿಗೆ ಗೊತ್ತಿತ್ತು. ಹೆದರಿಕೆ ಇತ್ತು. ಅದಕ್ಕಿಂತ ಜಾಸ್ತಿ ರುಚಿ ಇತ್ತು.

ಕೈ ತೊಳೆದು ಹೊರಗೆ ಬಂದಾಗ ಮೆಟ್ಟಿಲ ಮೇಲೆ ಗೆರಸೆ ಕಾಯುತ್ತಿತ್ತು. ಕಳೆಂಜನ ಪಾಲು. ಅಕ್ಕಿ, ಕಾಯಿ, ಉಪ್ಪು, ಮೆಣಸು, ಇದ್ದಿಲು. ಅಂಗಾರ ಲಂಗ ಬಿಚ್ಚಿ ಮೆಟ್ಟಿಲಿನ ಮೇಲಿಟ್ಟು, ಗೆರಸೆ ಎತ್ತಿಕೊಂಡು ಕಟ್ಟದ ಕಡೆ ನಡೆದ. ಹಿಂದೆ ಚೀಲ ಹಿಡಿದ ವಿನೋದಾ.

ಗಂಡಿಯಲ್ಲಿ ಗುರುವಪ್ಪ ಒಬ್ಬನೇ ನಿಂತಿದ್ದ. ತುಟಿ ನೀಲಿಗಟ್ಟಿತ್ತು. ರೇಷ್ಮೆ ಶಾಲು ತಡಿಕೆಗೆ ಸಿಕ್ಕಿಕೊಂಡಿತ್ತು. ಕೈಯಲ್ಲಿ ಯಾರದೋ ಚಪ್ಪಲಿ. ಚಪ್ಪರದಿಂದ ಮೈಕು ಕೇಳುತ್ತಿತ್ತು. ಹೊಟ್ಟೆ ತುಂಬಿದ ಮಹಾದೇವಪ್ಪ, ಸಂಸ್ಕೃತಿಗಾಗಿ ಸ್ವತಃ ನೀರಿಗಿಳಿದ ಗುರುವಪ್ಪನವರನ್ನು ಹೊಗಳುತ್ತಿದ್ದರು.

ಅಂಗಾರ ಗೆರಸೆಯನ್ನು ಕಟ್ಟದ ಮೇಲೆ ಇಟ್ಟ. ದೂರದಿಂದ ಇಟ್ಟ. ಎಷ್ಟು ದೂರ ಎಂದು ಅವನಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ.

“ಅಂಗಾರ, ಕೈ ಕೊಡು ಮಾರಾಯ. ಕಾಲು ಜೋಮು ಹಿಡಿದಿದೆ. ಮೇಲೆ ಬರ್ತೇನೆ.”

“ಮೀನು ಹೋಗ್ತದಲ್ಲ?”

“ಹೋಗಲಿ. ನೀನು ಕೈ ಕೊಡು.”

ನೀರಿನಿಂದ ಒಂದು ಕೈ ಮೇಲಕ್ಕೆ ಚಾಚಿತು. ಇಷ್ಟು ವರ್ಷದಲ್ಲಿ ಆ ಕೈ ಅಂಗಾರನ ಕಡೆ ಚಾಚಿದ್ದು ಅದೇ ಮೊದಲು. ಅಂಗಾರ ತನ್ನ ಕೈ ನೋಡಿಕೊಂಡ. ತೊಳೆದರೂ ತುಪ್ಪದ ವಾಸನೆ ಹೋಗಿರಲಿಲ್ಲ.

“ನೋಡುವಾ, ಗುರುವಪ್ಪಣ್ಣ,” ಎಂದ.